ಇಲ್ಲದ ಬಾರಿನ ವಿಳಾಸ

ನಮ್ಮ ಸೋದರತ್ತೆ ಜೀವಮಾನದಲ್ಲಿ ಒಂದು ಹನಿ ಹೆಂಡ ಮುಟ್ಟಿದವಳಲ್ಲ. ಆದರೂ ನಮ್ಮ ನಗರದಲ್ಲಿ ಸಂಜೆಯಾದ ಮೇಲೆ ಎಲ್ಲಿ ಕುಡಿಯಬೇಕು, ಎಲ್ಲಿ ಕುಣಿಯಬೇಕು, ಯಾವ ಕ್ಲಬ್ಬಿನ ಹಾಡುಗಾರ್ತಿಗೆ ನಿಜವಾಗಿ ಶ್ರುತಿ ನಿಲ್ಲುತ್ತದೆ, ಯಾವ ಬಾರಿನಲ್ಲಿ ಹೆಂಗಸೊಬ್ಬಳು ಒಂಟಿಯಾಗಿ ಹೋಗಿ ಕೂತರೆ ಯಾರೂ ಕತ್ತು ಹೊರಳಿಸುವುದಿಲ್ಲ ಎಂದು ಲೋಕಕ್ಕೆಲ್ಲ ಹೇಳಿಕೊಡುತ್ತಿದ್ದವಳು ಅವಳೇ. ಒಂದು ಸಣ್ಣ ಮುದ್ರಣಾಲಯದವರು ವರ್ಷಕ್ಕೊಮ್ಮೆ ‘ಸಂಜೆ ಕೈಪಿಡಿ’ ಎಂಬ ಪುಸ್ತಕ ತರುತ್ತಿದ್ದರು. ಊರಿನ ಬಾರು, ಕ್ಲಬ್ಬು, ಕುಣಿತದ ಹಾಲುಗಳನ್ನೆಲ್ಲ ನೋಡಿ ಬಂದು ಅದಕ್ಕೆ ಬರೆಯುವುದು ಅತ್ತೆಯ ಕೆಲಸ. ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಹೆಂಡವೆನ್ನುತ್ತಾರೆ ಎಂಬ ಮಾತಿದೆಯಲ್ಲ, ಅತ್ತೆ ಆ ಮರದ ಕೆಳಗೇ ಅರ್ಧ ಆಯುಸ್ಸು ಕಳೆದಳು, ಒಬ್ಬನೂ ಹಾಗೆನ್ನಲಿಲ್ಲ. ಅವಳ ಮುಖ ಹಾಗಿತ್ತು. ಆ ಮುಖ ನೋಡಿದರೆ ಕುಡಿದವನಿಗೂ ಇಳಿದುಹೋಗುತ್ತಿತ್ತು.

ಬಾರಿನವರು ಅವಳನ್ನು ‘ಬಾರಕ್ಕ’ ಎನ್ನುತ್ತಿದ್ದರು. ಕರೆದಂತೆಯೂ ಆಯಿತು, ಹೆಸರಿಟ್ಟಂತೆಯೂ ಆಯಿತು ಎಂದು ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ, ಆದರೆ ಬೇಡವೆಂದೂ ಹೇಳುತ್ತಿರಲಿಲ್ಲ.

ಅವಳ ಕೆಲಸದ ಒಂದು ವಿಚಿತ್ರವೆಂದರೆ, ಈ ಜಾಗಗಳನ್ನೆಲ್ಲ ಅವಳು ನೋಡುತ್ತಿದ್ದದ್ದು ಬೆಳಗಿನ ಹೊತ್ತು. ಸಂಜೆ ಹೋದರೆ ಮಾಲೀಕನಿಗೆ ಮಾತಾಡಲು ಪುರಸೊತ್ತಿರುವುದಿಲ್ಲ. ಅಲ್ಲದೆ ಬಣ್ಣದ ದೀಪ ಹಾಕಿದ ಮೇಲೆ ಎಲ್ಲ ಗೋಡೆಯೂ ಚೆಂದವೇ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಂಬಿದ ಹೆಂಗಸು ಅವಳು. ತಾನು ಕೂತು ನೋಡದ ಕುರ್ಚಿ, ಕಣ್ಣಾರೆ ಕಾಣದ ಮಾಲೀಕ ಪುಸ್ತಕಕ್ಕೆ ಬರಬಾರದು ಎಂಬುದು ಅವಳ ಕಟ್ಟಳೆ. ಲೋಟದ ಅಂಚಿನ ಮೇಲೆ ಬೆರಳಾಡಿಸುವಳು. ಹಿಂಬಾಗಿಲಿನ ಅಗುಳಿ ಸಲೀಸಾಗಿ ತೆಗೆಯುತ್ತದೆಯೇ ಎಂದು ತೆಗೆದೇ ನೋಡುವಳು. ನೆಲ ಒರೆಸುವವಳನ್ನು ಮಾಲೀಕ ‘ಬಾಮ್ಮ’ ಎನ್ನುತ್ತಾನೋ ‘ಏಯ್’ ಎನ್ನುತ್ತಾನೋ ಕೇಳಿಸಿಕೊಳ್ಳುವಳು. ‘ಏಯ್’ ಎಂದವನ ಬಾರಿಗೆ ಪುಸ್ತಕದಲ್ಲಿ ಎರಡೇ ಸಾಲು.

ಶಾಲೆಗೆ ರಜೆಯಿದ್ದಾಗ ನಾನೂ ಅವಳ ಜೊತೆ ಹೋಗುತ್ತಿದ್ದೆ. ಮಕ್ಕಳು ಚಿಕ್ಕಂದಿನಲ್ಲಿ ಏನೇನೋ ನೋಡಿ ಬೆಳೆಯುತ್ತಾರೆ. ನಾನು ಬೆಳಗಿನ ಬಾರುಗಳನ್ನು ನೋಡಿ ಬೆಳೆದೆ. ಕುರ್ಚಿಗಳೆಲ್ಲ ಮೇಜಿನ ಮೇಲೆ ಕಾಲು ಮೇಲೆ ಮಾಡಿಕೊಂಡಿರುತ್ತಿದ್ದವು. ಹುಳಿವಾಸನೆ, ಫಿನಾಯಿಲ್ ವಾಸನೆ, ಆರಿದ ಸಿಗರೇಟಿನ ವಾಸನೆ. ಕುಣಿತದ ಹಾಲಿನಲ್ಲಿ ನಡೆದರೆ ನಮ್ಮ ಹೆಜ್ಜೆಯ ಸದ್ದು ನಮಗಿಂತ ಸ್ವಲ್ಪ ಹಿಂದೆ ಬರುತ್ತಿತ್ತು. ಎಲ್ಲ ಕಡೆಯೂ ಈಗಷ್ಟೇ ಯಾರೋ ಎದ್ದು ಹೋದರು, ನಾವು ಚೂರು ತಡವಾಗಿ ಬಂದೆವು ಎನ್ನಿಸುವುದು. ಅತ್ತೆ ಒಂದು ಕುರ್ಚಿ ಇಳಿಸಿ ಕೂತು, ಸುತ್ತ ನೋಡಿ, ಮಾಲೀಕನನ್ನು ಕೊನೆಗೆ ಒಂದು ಪ್ರಶ್ನೆ ಕೇಳುತ್ತಿದ್ದಳು. ಅದು ಪುಸ್ತಕಕ್ಕಲ್ಲ.

ಆ ಪ್ರಶ್ನೆ ಅವಳ ತಮ್ಮನನ್ನು ಕುರಿತದ್ದು, ಅಂದರೆ ನನ್ನ ಅಪ್ಪನನ್ನು ಕುರಿತದ್ದು. ಉದ್ದಕ್ಕೆ, ತೆಳ್ಳಗೆ ಇರುವ ಒಬ್ಬ ಕೌಂಟರಿನವನು, ಕೈಗೆ ಸಿಕ್ಕಿದ್ದನ್ನೆಲ್ಲ ಅಂಗಿಯ ಚುಂಗಿನಲ್ಲಿ ಒರೆಸಿ ಬೆಳಕಿಗೆ ಹಿಡಿದು ನೋಡುವ ಅಭ್ಯಾಸದವನು, ನಿಮ್ಮಲ್ಲಿ ಕೆಲಸ ಕೇಳಿಕೊಂಡು ಬಂದಿದ್ದನೇ ಎಂದು ಅವಳು ವರ್ಷವರ್ಷವೂ, ಬಾರುಬಾರಿನಲ್ಲೂ ಕೇಳಿದಳು. ಅವಳು ಈ ಕೆಲಸ ಹಿಡಿದದ್ದೇ ಅದಕ್ಕೆ. ಅವನು ಸಿಗಬೇಕು, ಇಲ್ಲ ಸತ್ತನೆಂದಾದರೂ ತಿಳಿಯಬೇಕು. ಅವಳಿಗೆ ಬೇರೆ ಆಸೆ ಇದ್ದದ್ದು ನಾನು ಕಾಣೆ.

ಅಪ್ಪ ಒಂದು ದೊಡ್ಡ ಕ್ಲಬ್ಬಿನ ಕೌಂಟರಿನಲ್ಲಿ ಸುರಿದುಕೊಡುವ ಕೆಲಸದಲ್ಲಿದ್ದ. ಎದುರು ಕೂತವನ ದುಃಖವನ್ನೆಲ್ಲ ಕೇಳುವನು, ಯಾರ ಗುಟ್ಟನ್ನೂ ಹೊರಗೆ ಬಿಡುವವನಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ. ಬರಬರುತ್ತಾ ಸುರಿದುಕೊಡುವುದರಲ್ಲಿ ತನ್ನ ಪಾಲನ್ನೂ ತೆಗೆಯತೊಡಗಿದ, ಕೆಮ್ಮೂ ಅಂಟಿಕೊಂಡಿತು. ಒಂದು ದಿನ ಅಮ್ಮ ಹೊಲಿಗೆ ಅಂಗಡಿಯಲ್ಲಿ ರಾತ್ರಿಯಿಡೀ ಕೆಲಸವಿದೆಯೆಂದು ನನ್ನನ್ನು ಅವನ ಜೊತೆ ಕಳಿಸಿದ್ದಳು. ಅವನು ನನ್ನನ್ನು ಗಿರಾಕಿಗಳ ಕೋಟು ನೇತುಹಾಕುವ ಕೋಣೆಯಲ್ಲಿ ಮಲಗಿಸಿ, ಆಮೇಲೆ ಮರೆತು, ಕ್ಲಬ್ಬಿಗೆ ಬೀಗ ಹಾಕಿಸಿ ಮನೆಗೆ ಹೋದ. ಬೆಳಿಗ್ಗೆ ಕಸ ಗುಡಿಸಲು ಬಂದವಳಿಗೆ ನಾನು ಸಿಕ್ಕಿದೆ. ಅಮ್ಮ ಅವನಿಗೆ ಬೈಯಲಿಲ್ಲ, ಹೊಡೆಯಲಿಲ್ಲ, ಸುಮ್ಮನೆ ನೋಡಿದಳಂತೆ. ಆ ದಿನವೇ ಅವನು ಹೊರಟುಹೋದ. ನನಗೆ ಅವನ ಮೇಲೆ ಇದ್ದ ಸಿಟ್ಟು ಅಷ್ಟಿಷ್ಟಲ್ಲ, ಆದರೆ ಅದು ಮರೆತದ್ದಕ್ಕಲ್ಲ. ಮರೆತವನು ವಾಪಸು ಬಂದು ನೆನಪು ಮಾಡಿಕೊಳ್ಳಬೇಕಿತ್ತು, ಓಡಿಹೋದನಲ್ಲ, ಅದಕ್ಕೆ.

ಮನೆಯಲ್ಲಿ ಅವನ ಮಾತು ಬರುತ್ತಿರಲಿಲ್ಲ. ಆದರೆ ಮಾತಾಡದ ವಸ್ತುವೇ ಮನೆ ತುಂಬ ಓಡಾಡುತ್ತದೆ. ಮೆಟ್ಟಿಲ ಮೇಲೆ ಯಾರದಾದರೂ ಕಾಲಸಪ್ಪಳವಾದರೆ ಅಮ್ಮನ ಹೊಲಿಗೆಯಂತ್ರ ಒಂದು ಗಳಿಗೆ ನಿಲ್ಲುವುದು, ಸಪ್ಪಳ ನಮ್ಮ ಬಾಗಿಲು ದಾಟಿ ಮೇಲೆ ಹೋದ ಮೇಲೆ ಮತ್ತೆ ಓಡುವುದು. ಅತ್ತೆ ಮಾತ್ರ ನನಗೆ ಗುಟ್ಟಾಗಿ ಅವನ ಬಾರಿನ ಕಥೆ ಹೇಳುತ್ತಿದ್ದಳು. ಬೇರೆಯವರ ಕೌಂಟರಿನಲ್ಲಿ ನಿಂತವರೆಲ್ಲರಿಗೂ ತಮ್ಮದೊಂದು ಬಾರಿನ ಕನಸಿರುತ್ತದೆ. ಅಪ್ಪನ ಕನಸಿನ ಬಾರಿಗೆ ಬೋರ್ಡು ಇಲ್ಲ. ಬೋರ್ಡು ಹಾಕಿದರೆ ಹೆಂಡತಿಯರು ಹುಡುಕಿಕೊಂಡು ಬರುತ್ತಾರಂತೆ. ಬಾಗಿಲಿಗೆ ಒಳಗಡೆ ಮಾತ್ರ ಹಸಿರು ಬಣ್ಣ, ಹೊರಗಿನವರಿಗೆ ಅದು ಗೊತ್ತಾಗಬಾರದು. ಹಾಡು ಇಲ್ಲ, ಕೆಲವೇ ಕುರ್ಚಿ. ಕೌಂಟರಿನ ಹಿಂದೆ ಕನ್ನಡಿಯನ್ನು ತೀರ ಕೆಳಗೆ ಹಾಕಬೇಕು, ಕೂತವನಿಗೆ ತನ್ನ ಕೈ ಮತ್ತು ಲೋಟ ಮಾತ್ರ ಕಾಣಬೇಕು. ಕುಡಿಯುವವನಿಗೆ ಅವನ ಮುಖ ತೋರಿಸುವಷ್ಟು ಪಾಪ ಇನ್ನೊಂದಿಲ್ಲ ಎನ್ನುತ್ತಿದ್ದನಂತೆ.

ಈ ಕನಸು ಪುಸ್ತಕಕ್ಕೆ ಹೋದದ್ದು ಒಬ್ಬ ಕಳ್ಳನ ದೆಸೆಯಿಂದ. ಅತ್ತೆ ವರ್ಷವಿಡೀ ಕಾಲು ಸವೆಸಿ ಬರೆದದ್ದನ್ನು ಇನ್ನೊಬ್ಬ ಪ್ರಕಾಶಕ ಇದ್ದ ಹಾಗೇ ಎತ್ತಿ, ಬೇರೆ ರಟ್ಟು ಹಾಕಿ ಮಾರತೊಡಗಿದ. ಕೇಳಿದರೆ, ಊರಿನ ಬಾರುಗಳು ಊರಿಗೆಲ್ಲ ಸೇರಿದವು, ನಾವೂ ನೋಡಿ ಬರೆದೆವು ಎಂದ. ಆಗ ನಮ್ಮ ಮುದ್ರಣಾಲಯದ ಯಜಮಾನರು ಈ ಕಸುಬಿನ ಹಳೆಯ ಉಪಾಯವೊಂದನ್ನು ತೆಗೆದರು. ಪುಸ್ತಕದಲ್ಲಿ ಎಲ್ಲಿಯೂ ಇಲ್ಲದ ಒಂದು ಜಾಗವನ್ನು ಸೇರಿಸುವುದು. ಕಳ್ಳ ಅದನ್ನೂ ಎತ್ತಿದರೆ ತಾನಾಗಿ ಸಿಕ್ಕಿಬೀಳುತ್ತಾನೆ. ಕೆಲಸಗಾರರು ಇದಕ್ಕೆ ‘ಬೆದರುಬೊಂಬೆ’ ಎನ್ನುತ್ತಿದ್ದರು. ಒಂದು ವರ್ಷದ ಮಟ್ಟಿಗೆ ನಿಲ್ಲಿಸುವುದು, ಮುಂದಿನ ಮುದ್ರಣದಲ್ಲಿ ಸದ್ದಿಲ್ಲದೆ ಕಿತ್ತುಹಾಕುವುದು.

ಸುಳ್ಳು ಬರೆದು ಗೊತ್ತಿಲ್ಲದ ಅತ್ತೆ ಎಷ್ಟೋ ಹೊತ್ತು ಬರಿ ಕಾಗದ ಮುಂದಿಟ್ಟುಕೊಂಡು ಕೂತಳು. ಕೊನೆಗೆ ತಮ್ಮನ ಬಾರನ್ನೇ ಬರೆದಳು. ಬೋರ್ಡು ಇಲ್ಲ, ಬಾಗಿಲ ಒಳಮೈ ಹಸಿರು, ಕೆಲವೇ ಕುರ್ಚಿ, ಮಾಲೀಕರು ಏನೂ ಕೇಳುವುದಿಲ್ಲ. ಹಗ್ಗದ ಗೋದಾಮಿನ ಹಿಂದಿನ ಓಣಿಯಲ್ಲಿ ಕೊನೆಯ ಬಾಗಿಲು ಎಂದು ವಿಳಾಸ ಕೊಟ್ಟಳು. ಆ ಓಣಿಯ ಕೊನೆಯಲ್ಲಿ ಇದ್ದದ್ದು ಎಂದೋ ಇಟ್ಟಿಗೆ ಇಟ್ಟು ಮುಚ್ಚಿದ ಒಂದು ಹಳೆಯ ಬಾಗಿಲು, ಅದರ ಮುಂದೆ ಒಂದು ಕಲ್ಲಿನ ಮೆಟ್ಟಿಲು, ಅಷ್ಟೇ. ಕನ್ನಡಿಯ ಸಂಗತಿಯನ್ನೂ ಬರೆದಿದ್ದಳು, ಜಾಗ ಸಾಲದೆಂದು ಅಚ್ಚು ಜೋಡಿಸುವವನು ಅದನ್ನು ತೆಗೆದುಹಾಕಿದ.

ಕಳ್ಳ ಸಿಕ್ಕಿಬಿದ್ದ. ಹಸಿರು ಬಾಗಿಲು ಅವನ ಪುಸ್ತಕದಲ್ಲೂ ಅಲ್ಪವಿರಾಮ ಸಮೇತ ಬಂದಿತ್ತು. ಯಜಮಾನರು ಎದುರು ಹೋಗಿ ಕೂತು, ಕೆಲವರು ಇಲ್ಲದ ಬಾರಿಗೂ ಹೋಗಿ ಬಂದಿದ್ದಾರಂತೆ ಎಂದಾಗ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ. ಮುದ್ರಣಾಲಯದಲ್ಲಿ ಎಲ್ಲರಿಗೂ ಸಂತೋಷ. ಬೆದರುಬೊಂಬೆಯ ಕೆಲಸ ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಒಂದು ಮಧ್ಯಾಹ್ನ ಔಷಧಿ ಕಂಪನಿಯ ಪ್ರತಿನಿಧಿಯೊಬ್ಬ ಪುಸ್ತಕ ಹಿಡಿದುಕೊಂಡು ಮುದ್ರಣಾಲಯಕ್ಕೆ ಬಂದ. ಇಷ್ಟೂರು ತಿರುಗಿದ್ದೇನೆ, ಆ ಗೋದಾಮಿನ ಹಿಂದಿನ ಜಾಗದಂಥದ್ದು ಎಲ್ಲೂ ನೋಡಿಲ್ಲ, ಬರೆದವರಿಗೆ ಹೇಳಿ ಎಂದು ಹೋದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕುಡಿದವನಿಗೆ ಹೋಗದ ಊರಿಲ್ಲ, ಕಾಣದ ಬಾಗಿಲಿಲ್ಲ ಎಂದು ನಾನೂ ನಕ್ಕೆ. ಆಗ ನಾನು ಓದು ಮುಗಿಸಿ ಅಲ್ಲೇ ಅಚ್ಚಿನ ತಪ್ಪು ತಿದ್ದುವ ಕೆಲಸಕ್ಕೆ ಸೇರಿದ್ದೆ. ಆಮೇಲೆ ಗಂಡಹೆಂಡಿರಿಬ್ಬರು ಬಂದರು, ಅವರೂ ಅದನ್ನೇ ಹೊಗಳಿದರು. ಇಷ್ಟಕ್ಕೂ ಮೂರ್ಖರಿಗೆ ಬರವೇ ಎಂದುಕೊಂಡೆವು.

ಅವರ ಹಿಂದೆ ಸಿಗರೇಟು ಏಜೆಂಟೊಬ್ಬ ಬಂದ. ಅವನಿಗೆ ಒಂದು ದೂರು ಇತ್ತು. ಎಲ್ಲಾ ಬರೆದಿದ್ದೀರಿ, ಅಲ್ಲಿ ನೋಡುವಂಥದ್ದು ಏನೋ ಅದನ್ನೇ ಬಿಟ್ಟಿದ್ದೀರಲ್ಲ ಎಂದ. ಏನು ಎಂದು ಅತ್ತೆ ಕೇಳಿದಳು.

“ಕನ್ನಡೀನ ಅಮ್ಮಾ. ಅಷ್ಟು ಕೆಳಗೆ ಹಾಕಿರೋ ಕನ್ನಡಿ ನಾನೆಲ್ಲೂ ಕೇಳಿಲ್ಲ. ಬರೀ ಕೈ ಕಾಣುತ್ತೆ, ಮುಖ ಕಾಣಲ್ಲ.”

ಕನ್ನಡಿಯ ಸಾಲು ಅಚ್ಚಿಗೆ ಹೋಗಿರಲೇ ಇಲ್ಲ. ಅತ್ತೆ ಕುರ್ಚಿಯ ಕೈ ಹಿಡಿದುಕೊಂಡು, ಮಾಲೀಕರು ಹೇಗಿದ್ದರು ಎಂದಳು. ಅವನ ಮಾತು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು. ಮುಚ್ಚಂಜೆ ಹೊತ್ತು, ಮುಖ ಸರಿಯಾಗಿ ಕಾಣಲಿಲ್ಲ, ಉದ್ದಕ್ಕಿದ್ದರು, ಮಾತು ಮೆತ್ತಗಿತ್ತು ಎಂದ. ಒಳಗೆ ಹೋಗಿದ್ದಿರಾ ಎಂದು ನಾನು ಗದರಿಸಿಯೇ ಕೇಳಿದೆ. ಒಳಗೆ ಹೋಗದೆ ಕನ್ನಡಿ ಹೇಗೆ ಗೊತ್ತಾಗುತ್ತದಮ್ಮ ಎಂದು ಸಿಟ್ಟು ಮಾಡಿಕೊಂಡು ಹೊರಟ.

ಮರುದಿನ ಬೆಳಿಗ್ಗೆ ಅತ್ತೆ ಆ ಓಣಿಗೆ ಹೋದಳು. ನಾನೂ ಹೋದೆ. ಓಣಿಯ ಬಾಯಲ್ಲಿ ಬೀಗ ರಿಪೇರಿಯವನ ಮರದ ಗೂಡಂಗಡಿ ಮುಚ್ಚಿತ್ತು. ಗೋದಾಮಿನ ಗೋಡೆಯುದ್ದಕ್ಕೂ ಹಗ್ಗದ ನಾರಿನ ವಾಸನೆ. ಕೊನೆಯಲ್ಲಿ ಅದೇ ಇಟ್ಟಿಗೆ, ಅದೇ ಮೆಟ್ಟಿಲು. ನರಪಿಳ್ಳೆ ಇಲ್ಲ. ಆದರೆ ಮೆಟ್ಟಿಲು ಮಾತ್ರ ಚೊಕ್ಕಟವಾಗಿತ್ತು. ಓಣಿಯೆಲ್ಲ ಧೂಳು, ನಾರಿನ ಚೂರು, ಕಾಗದ. ಆ ಒಂದು ಕಲ್ಲನ್ನು ಯಾರೋ ಒರೆಸಿಟ್ಟ ಹಾಗೆ ಹೊಳೆಯುತ್ತಿತ್ತು. ಅತ್ತೆ ಬಗ್ಗಿ ಅದರ ಮೇಲೆ ಬೆರಳಾಡಿಸಿ ಬೆರಳನ್ನು ನೋಡಿಕೊಂಡಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹಾಡುಹಗಲಲ್ಲಿ, ಬಿಸಿಲಲ್ಲಿ, ಹಿಂದೆ ಯಾರೋ ನಿಂತ ಹಾಗೆನ್ನಿಸಿ ಎರಡು ಸಲ ತಿರುಗಿ ನೋಡಿದೆ.

ಅವಳು ಮತ್ತೆ ಮತ್ತೆ ಹೋದಳು, ಪ್ರತಿಸಲವೂ ಬೆಳಿಗ್ಗೆಯೇ. ಜಾಗ ನೋಡುವುದೆಂದರೆ ಬೆಳಿಗ್ಗೆ ನೋಡುವುದು ಎಂದು ಅವಳ ಕಾಲಿಗೇ ಅಭ್ಯಾಸವಾಗಿತ್ತು. ಯಾವತ್ತೂ ಯಾರೂ ಇರಲಿಲ್ಲ. ಗೂಡಂಗಡಿ ಯಾವತ್ತೂ ಮುಚ್ಚಿರುತ್ತಿತ್ತು. ಮೆಟ್ಟಿಲು ಯಾವತ್ತೂ ಚೊಕ್ಕಟವಾಗಿರುತ್ತಿತ್ತು.

ಆ ವರ್ಷ ಅತ್ತೆ ನಮ್ಮ ಕಣ್ಣೆದುರಿಗೇ ಸೊರಗಿದಳು. ಬಾರುಗಳಿಗೆ ಹೋದರೆ ಒಂದರ ಬದಲು ಎರಡು ಕುರ್ಚಿ ಇಳಿಸಿಕೊಳ್ಳುತ್ತಿದ್ದಳು. ಕೊನೆಯ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದಳು. ಊಟಕ್ಕೆ ಕೂತಾಗ ಕೈ ತಡೆದು ಏನನ್ನೋ ಆಲಿಸುವಳು. ಕೇಳಿದರೆ, ಲೋಟ ಮರದ ಮೇಲೆ ಇಟ್ಟ ಸದ್ದಾಯಿತಲ್ಲ ಎನ್ನುವಳು. ನಮ್ಮ ಮನೆಯಲ್ಲಿ ಇದ್ದದ್ದು ಕಲ್ಲಿನ ಕಟ್ಟೆ. ಒಂದು ದಿನ ಅವಳು ಅದನ್ನು ಬಾಯಿಬಿಟ್ಟು ಹೇಳಿದಳು, ಅಮ್ಮನ ಎದುರಿಗೇ.

“ಅವನು ಹೋಗ್ಬಿಟ್ಟಿದಾನೆ ಕಣೇ. ಬದುಕಿದ್ರೆ ಮನೆಗೆ ಬರ್ತಿದ್ದ. ಸತ್ತ ಮೇಲೆ ನಿಲ್ಲೋಕೆ ಒಂದು ಜಾಗ ಬೇಕಿತ್ತು ಅವನಿಗೆ, ಅದನ್ನ ನಾನೇ ಬರೆದುಕೊಟ್ಟೆ.”

ಅಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆಯೆತ್ತಲಿಲ್ಲ. ಸತ್ತವರ ಹೆಸರಲ್ಲಿ ಬಾರ್ ನಡೆಸುವುದು ಸಾಕು ಅತ್ತಿಗೆ, ಅದನ್ನು ಪುಸ್ತಕದಿಂದ ತೆಗೆದುಬಿಡಿ ಎಂದಳಷ್ಟೇ. ಆದರೆ ದಾರ ಎಷ್ಟು ಹೊತ್ತಾದರೂ ಸೂಜಿಗೆ ಹೋಗಲಿಲ್ಲ. ನಾನು ಇಬ್ಬರಿಗೂ ಬುದ್ಧಿವಾದ ಹೇಳಿದೆ. ದೆವ್ವಗಳಿಗೆ ಬಾರು ಬೇಕಾಗುವುದಾದರೆ ಮೊದಲು ನಮ್ಮ ಪುಸ್ತಕ ಕೊಳ್ಳಲಿ ಎಂದೆ. ಯಾರೂ ನಗಲಿಲ್ಲ, ನನಗೂ ನಗು ಬರಲಿಲ್ಲ.

ಕೈಪಿಡಿಯ ಹಿಂಬದಿಯಲ್ಲಿ ‘ಮುಚ್ಚಿದವು’ ಎಂದು ಒಂದು ಪುಟ ಇರುತ್ತಿತ್ತು. ಆ ವರ್ಷ ಬಾಗಿಲು ಹಾಕಿದ ಜಾಗಗಳಿಗೆ ಅತ್ತೆ ಅಲ್ಲಿ ಒಂದೊಂದು ಸಾಲು ಬೀಳ್ಕೊಡುಗೆ ಬರೆಯುತ್ತಿದ್ದಳು. ಓದುಗರು ಎಷ್ಟೋ ಜನ ಮೊದಲು ಅದನ್ನೇ ತೆಗೆದು ನೋಡುತ್ತಿದ್ದರು. ಬೆದರುಬೊಂಬೆಯನ್ನು ಅಲ್ಲಿಗೆ ತರುವಂತಿಲ್ಲ, ಅದು ಸದ್ದಿಲ್ಲದೆ ಹೋಗಬೇಕು. ಆದರೆ ಅತ್ತೆ ಯಜಮಾನರ ಮುಂದೆ ಹೋಗಿ ನಿಂತು, ಇದೊಂದನ್ನು ನಡೆಸಿಕೊಡಿ ಎಂದಳು. ಎಂದೂ ಏನೂ ಕೇಳದವಳು ಕೇಳಿದ್ದಾಳೆಂದು ಅವರು ಗೊಣಗುತ್ತಲೇ ಒಪ್ಪಿದರು. ಅವಳು ಬರೆದದ್ದು ಇಷ್ಟು: ‘ಹಗ್ಗದ ಗೋದಾಮಿನ ಹಿಂದಿನ ಹಸಿರು ಬಾಗಿಲು. ಇನ್ನು ತೆರೆಯುವುದಿಲ್ಲ. ಮಾಲೀಕರು ಇನ್ನು ಬರುವುದು ಬೇಡ. ನೆಮ್ಮದಿಯಾಗಿರಲಿ.’

ಓದುಗರಿಗೆ ಹೇಳುವ ಮಾತಲ್ಲ ಇದು ಎಂದು ನನಗೆ ಅನ್ನಿಸಿತು. ಅವಳು ಸತ್ತ ತಮ್ಮನನ್ನು ಸಾಗಹಾಕುತ್ತಿದ್ದಾಳೆ, ಹಾಕಲಿ ಎಂದು ಸುಮ್ಮನಾದೆ. ಪುಸ್ತಕ ಅಚ್ಚಾಗಿ ಬಂದ ದಿನ ಅವಳು ಆ ಪುಟವನ್ನು ತೆಗೆದು ಒಮ್ಮೆ ಅಂಗೈಯಿಂದ ಸವರಿದಳು. ಬಹಳ ಕಾಲದ ಮೇಲೆ ಹೊಟ್ಟೆತುಂಬ ಉಂಡಳು. ಅವಳ ಮುಖಕ್ಕೆ ಮತ್ತೆ ರಕ್ತ ಬಂದ ಹಾಗೆ ಕಂಡು ನಮಗೂ ಸಮಾಧಾನವಾಯಿತು.

ಕೆಲವು ವಾರ ಕಳೆದಿರಬೇಕು, ಮುದ್ರಣಾಲಯದ ಕಬ್ಬಿಣದ ಬೀರುವಿನ ಬೀಗ ಕೆಟ್ಟಿತು. ಹಳೆಯ ಬೀಗ, ಅದನ್ನು ಒಡೆಯದೆ ಸರಿಮಾಡುವವನೆಂದರೆ ಗೋದಾಮಿನ ಓಣಿಯವನೊಬ್ಬನೇ, ಅವನು ಹಗಲೆಲ್ಲ ಮನೆಮನೆ ತಿರುಗಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಗೂಡಂಗಡಿ ತೆಗೆಯುತ್ತಾನೆ ಎಂದು ಯಾರೋ ಹೇಳಿದರು. ಬೀಗವನ್ನು ಚೀಲಕ್ಕೆ ಹಾಕಿಕೊಂಡು ಕೆಲಸ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ನಾವಿಬ್ಬರೂ ಹೋದೆವು. ಅತ್ತೆ ಓಣಿಯ ಕೊನೆಯ ಕಡೆ ನೋಡದೆ ಬೆನ್ನು ಮಾಡಿ ನಿಂತಳು.

ಬೀಗದವನಿಗೆ ವಯಸ್ಸಾಗಿತ್ತು, ಮಾತಿನ ಚಪಲ. ಬೀಗ ಬಿಚ್ಚುತ್ತಾ, ನೀವೂ ಆ ಪುಸ್ತಕ ನೋಡಿಕೊಂಡು ಬಂದವರಾ, ಈಗ ಯಾರೂ ಬರುತ್ತಿಲ್ಲ, ಹೋದ ವರ್ಷ ಬರುತ್ತಿದ್ದರು ಎಂದ. ಅವರಿಗೆಲ್ಲ ಗೋಡೆ ನೋಡಿ ಬೇಜಾರಾಗುತ್ತಿರಲಿಲ್ಲವೇ ಎಂದು ನಾನು ಕೇಳಿದೆ. ಇಲ್ಲ, ಮೆಟ್ಟಿಲ ಮೇಲೆ ಒಬ್ಬರು ಕೂತಿರುತ್ತಿದ್ದರು ಎಂದ. ದಿನಾ ಸಂಜೆ ಬರುವರು, ಕರವಸ್ತ್ರ ತೆಗೆದು ಮೆಟ್ಟಿಲು ಒರೆಸಿ ಕೂರುವರು, ಪುಸ್ತಕ ಹಿಡಿದು ಬಂದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಳಗೆ ಹೇಗಿರುತ್ತದೆ ಎಂದು ಹೇಳುವರು. ಕುರ್ಚಿ ಎಲ್ಲಿ, ದೀಪ ಎಲ್ಲಿ, ಕನ್ನಡಿ ಎಷ್ಟು ಕೆಳಗೆ. ಕೇಳುತ್ತಾ ಕೂತರೆ ತನಗೇ ಒಳಗೆ ಹೋಗಿ ಬಂದ ಹಾಗಾಗುತ್ತಿತ್ತು ಎಂದು ಬೀಗದವನು ನಕ್ಕ. ಉದ್ದನೆಯ, ಬಡಕಲು ಮನುಷ್ಯ. ಬಸ್ ಡಿಪೋದ ಯಾವುದೋ ಕ್ಯಾಂಟೀನಿನಲ್ಲಿ ಲೋಟ ತೊಳೆಯುತ್ತೇನೆ ಎನ್ನುತ್ತಿದ್ದರಂತೆ. ಸುಮ್ಮನೆ ಒಂದು ಕೀಲಿಕೈ ಕೊಟ್ಟರೂ ಅಂಗಿಯ ಚುಂಗಿನಲ್ಲಿ ಒರೆಸಿ ಬೆಳಕಿಗೆ ಹಿಡಿಯುತ್ತಿದ್ದರಂತೆ.

ಅತ್ತೆ ಗೂಡಂಗಡಿಯ ಹಲಗೆ ಹಿಡಿದುಕೊಂಡಳು. ಅವರು ಮನೆಗೆ ಯಾಕೆ ಹೋಗಲಿಲ್ಲವಂತೆ ಎಂದು ನಾನೇ ಕೇಳಿದೆ.

“ನಾನೂ ಕೇಳ್ದೆ ತಾಯಿ. ಮನೆ ಬಾಗಿಲು ತಟ್ಟೋಕೆ ಮುಖ ಬೇಕು, ಬಾರ್ ಬಾಗಿಲಿಗೆ ಬೇಡ ಅಂದ್ರು. ಇದನ್ನ ಬರ್ದಿರೋದು ನಮ್ಮಕ್ಕ, ಅವಳು ಬರ್ದಿದ್ದು ಯಾವತ್ತೂ ಸುಳ್ಳಾಗಿಲ್ಲ, ನನಗೋಸ್ಕರ ತೆಗೀತಾಳೆ, ಅಲ್ಲೀವರ್ಗೂ ಕಾಯ್ತೀನಿ ಅಂತಿದ್ರು.”

ಈಗ ಎಲ್ಲಿ ಎಂದೆ. ಬೀಗದವನು ಕೈಯಲ್ಲಿದ್ದ ಅರವನ್ನು ಕೆಳಗಿಟ್ಟ.

“ಹೊಸ ಪುಸ್ತಕ ಬಂತಲ್ಲ, ಅದನ್ನ ಹಿಡ್ಕೊಂಡು ಬಂದಿದ್ರು. ಹಿಂದ್ಗಡೆ ಪುಟ ತೆಗ್ದು ತೋರ್ಸಿದ್ರು. ನೋಡಪ್ಪ, ನಮ್ಮಕ್ಕ ಬರೋದು ಬೇಡ ಅಂದ್ಬಿಟ್ಳು ಅಂದ್ರು. ಆಮೇಲೆ ಬರ್ಲಿಲ್ಲ.”

ಅತ್ತೆ ಅಳಲಿಲ್ಲ. ಓಣಿಯ ಕೊನೆಗೆ ನಡೆದುಹೋಗಿ ಮೆಟ್ಟಿಲ ಮುಂದೆ ನಿಂತಳು. ಅದರ ಮೇಲೆ ಈಗ ಎಲ್ಲ ಕಡೆ ಇದ್ದ ಹಾಗೆ ಧೂಳು ಕೂತಿತ್ತು. ಬದುಕಿದ್ದವನನ್ನು ದೆವ್ವವೆಂದು ತಿಳಿದು, ತನ್ನ ಕೈಯಾರೆ ಬರೆದು ಓಡಿಸಿದ್ದಳು. ಬೆಳಗಿನ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ ಒಂದೇ ಒಂದು ಸಲ ಬಂದಿದ್ದರೆ ಸಾಕಿತ್ತು. ನಾನು ಅವಳ ರಟ್ಟೆ ಹಿಡಿದುಕೊಂಡು ಮನೆಗೆ ಕರೆತಂದೆ. ನನಗೆ ಅಂದು ಅಪ್ಪನ ಮೇಲೆ ಬಂದ ಸಿಟ್ಟು ಯಾವತ್ತೂ ಬಂದಿರಲಿಲ್ಲ. ಆ ಸಿಟ್ಟಿನಲ್ಲೇ ದಾರಿಯುದ್ದಕ್ಕೂ ನಾನು ಅಳುತ್ತಾ ನಡೆದೆ.

ಅಮ್ಮನಿಗೆ ನಾನೇ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡು, ಹೊಲಿಯುತ್ತಿದ್ದ ಬಟ್ಟೆಯನ್ನು ಮಡಿಚಿಟ್ಟು ಕೇಳಿದಳು: “ಕೆಮ್ಮು ಕಮ್ಮಿ ಆಗಿತ್ತಂತಾ?” ಬೀಗದವನ ಹತ್ತಿರ ಅದನ್ನು ಕೇಳಿರಲಿಲ್ಲ ಎಂದೆ. ಕೇಳಬೇಕಿತ್ತು ಎಂದಳು.

ಆಮೇಲೆ ನಾವು ಹುಡುಕದ ಬಸ್ ಡಿಪೋ ಇಲ್ಲ. ಒಂದು ಕ್ಯಾಂಟೀನಿನಲ್ಲಿ, ಹೌದು, ಅಂಥವರೊಬ್ಬರಿದ್ದರು, ಲೋಟ ಬಹಳ ಚೆನ್ನಾಗಿ ತೊಳೆಯುತ್ತಿದ್ದರು, ಲೆಕ್ಕ ಕೂಡ ಕೇಳದೆ ಬಿಟ್ಟುಹೋದರು ಎಂದರು. ಅಲ್ಲಿಂದ ಮುಂದೆ ಜಾಡು ಇಲ್ಲ. ಒಳಗೆ ಅವನು ಮಲಗುತ್ತಿದ್ದ ಮೂಲೆ ತೋರಿಸಿದರು. ಗೋಡೆಗೆ ಒರಗಿಸಿದ ಒಂದು ಬೆಂಚು, ಅಷ್ಟೇ. ಅತ್ತೆ ಅದರ ಮೇಲೆ ಕೂತು ನೋಡಿದಳು.

ಮುಂದಿನ ಮುದ್ರಣಕ್ಕೆ ಅವಳು ಮತ್ತೆ ಯಜಮಾನರ ಎದುರು ನಿಂತಳು. ಈ ಸಲ ಅವರು ಖಡಾಖಂಡಿತವಾಗಿ ಬೇಡವೆಂದರು. ಕಳ್ಳನಿಗಾಗಿ ಹೇಳಿದ ಸುಳ್ಳು ಬೇರೆ, ಇದು ಬೇರೆ, ಜನ ನಂಬಿ ಬರುತ್ತಾರೆ, ಪುಸ್ತಕದ ಮರ್ಯಾದೆ ಏನಾಗಬೇಕು ಎಂದರು. ಸುಳ್ಳಾಗದ ಹಾಗೆ ನೋಡಿಕೊಳ್ಳುತ್ತೇನೆ ಎಂದಳು ಅತ್ತೆ. ಗೋದಾಮಿನವರನ್ನು ಹಿಡಿದು, ಕಾಡಿ ಬೇಡಿ, ಆ ಇಟ್ಟಿಗೆ ಒಡೆಸಿದಳು. ಒಳಗಿದ್ದದ್ದು ಹಗ್ಗದ ತುಂಡು ಬಿದ್ದ ಒಂದು ಇಕ್ಕಟ್ಟಿನ ಕೋಣೆ. ಬಣ್ಣ ಹೊಡೆಸುವ ಶಕ್ತಿ ಇರಲಿಲ್ಲ, ಪರವಾನಗಿ ಯಾರೂ ಕೊಡಲಿಲ್ಲ. ಒಂದು ದೀಪ, ಎರಡು ಕುರ್ಚಿ, ಒಂದು ಹೂಜಿ ನೀರು ಇಟ್ಟಳು. ಯಜಮಾನರು ಬಂದು ನೋಡಿದರು, ಒಂದು ಕುರ್ಚಿಯಲ್ಲಿ ಕೂತರು, ನೀರು ಕುಡಿದರು, ಹೋಗಿ ಅಚ್ಚಿಗೆ ಹಾಕಿಸಿದರು.

‘ಹಗ್ಗದ ಗೋದಾಮಿನ ಹಿಂದೆ. ಮತ್ತೆ ತೆರೆದಿದೆ. ಸಂಜೆ ಮಾತ್ರ. ಕುಡಿಯಲು ನೀರು ಸಿಗುತ್ತದೆ. ಮಾಲೀಕರು ಬರುವವರೆಗೆ ಅಕ್ಕ ಇರುತ್ತಾಳೆ.’

ಅವಳು ಇದ್ದಳು. ಬೆಳಿಗ್ಗೆ ಬಾರುಗಳನ್ನು ನೋಡಿ, ಸಂಜೆ ಅಲ್ಲಿ ಹೋಗಿ ಕೂರುತ್ತಿದ್ದಳು. ಪುಸ್ತಕ ನೋಡಿ ಬಂದವರು ಕೆಲವರು ನಕ್ಕು ಹೋಗುತ್ತಿದ್ದರು, ಕೆಲವರು ಕೂತು ತಮ್ಮ ಮನೆಯ ಕಷ್ಟ ಹೇಳಿಕೊಂಡು ಹೋಗುತ್ತಿದ್ದರು. ಓಣಿಯಲ್ಲಿ ಹೆಜ್ಜೆ ಕೇಳಿದಾಗಲೆಲ್ಲ ಅವಳು ಏಳುತ್ತಿದ್ದಳು. ಹೆಜ್ಜೆ ಹತ್ತಿರ ಬಂದು ಬೇರೆ ಯಾರದೋ ಆಗುತ್ತಿತ್ತು. ನಾನು ಆ ಕೋಣೆಯೊಳಕ್ಕೆ ಕಾಲಿಡಲಿಲ್ಲ. ಅವಳನ್ನು ಕರೆದುಕೊಂಡು ಹೋಗಲು ಬಂದಾಗಲೂ ಬೀಗದವನ ಗೂಡಂಗಡಿಯ ಬಳಿಯೇ ನಿಂತಿರುತ್ತಿದ್ದೆ. ಓಡಿಹೋದವನಿಗಾಗಿ ಇಬ್ಬರು ಹೆಂಗಸರ ಬದುಕು ಸಾಲದೇ, ಮೂರನೆಯದು ಬೇರೆ ಬೇಕೇ ಎಂಬ ಹಟ ನನ್ನದು.

ಅತ್ತೆ ಹೋದದ್ದು ಒಂದು ಮಾಮೂಲಿ ಜ್ವರದಲ್ಲಿ. ಕೊನೆಯ ದಿನಗಳಲ್ಲಿ ಅವಳಿಗೆ ಇದ್ದದ್ದು ಒಂದೇ ಚಿಂತೆ, ಈಗ ಅಲ್ಲಿ ಯಾರೂ ಇಲ್ಲ, ಬಾಗಿಲು ಹಾಕಿದೆ, ಅವನು ಬಂದು ನೋಡಿದರೆ ಮತ್ತೆ ಬೇಡವೆಂದಳು ಅಂದುಕೊಳ್ಳುತ್ತಾನೆ ಎಂದು. ನಾನು ಅವಳಿಗೆ ಏನೂ ಮಾತು ಕೊಡಲಿಲ್ಲ. ಸುಳ್ಳು ಸಮಾಧಾನ ಹೇಳಿದರೆ ಅವಳು ಮುಖ ನೋಡಿಯೇ ಕಂಡುಹಿಡಿಯುತ್ತಿದ್ದಳು.

ಕೈಪಿಡಿಯ ಕೆಲಸ ಈಗ ನನ್ನದು. ಆ ವರ್ಷದ ಕರಡು ತಿದ್ದಲು ಕೂತಾಗ ಅವಳ ಆ ಸಾಲುಗಳು ಬಂದವು. ತೆಗೆದುಹಾಕಲು ಕೆಂಪು ಶಾಯಿಯ ಪೆನ್ನು ಹಿಡಿದುಕೊಂಡೆ; ಸತ್ತವಳು ಇರುತ್ತಾಳೆ ಎಂದು ಬರೆಯುವಂತಿಲ್ಲವಲ್ಲ. ಅಮ್ಮ ಎದುರಿಗೆ ಕೂತು ಗುಂಡಿ ಹೊಲಿಯುತ್ತಿದ್ದಳು, ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ‘ಅಕ್ಕ’ ಎಂಬುದನ್ನು ಹೊಡೆದುಹಾಕಿ, ಅದರ ಮೇಲೆ ‘ಮಗಳು’ ಎಂದು ಬರೆದೆ.